ರಕ್ತಪರೀಕ್ಷೆಯ ವರದಿ ಬಂದ ನಂತರ: ಕೀಲುನೋವಿನ ಕಾರಣ ತಿಳಿಯುವವರೆಗಿನ ಅವಧಿ ಮತ್ತು ಗ್ರಾಮ ಪಂಚಾಯಿತಿಯ ಪಾತ್ರ

ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸ ಭಾಗದ ತೋಟಗಳಲ್ಲಿ ಕೈನೋವೆಂದರೆ ಯಾರೂ ಕಿವಿಗೊಡುವುದಿಲ್ಲ. ನವೆಂಬರ್‌ನಿಂದ ಜನವರಿಯವರೆಗೆ ಅರೇಬಿಕಾ, ಅದರ ಬೆನ್ನಿಗೇ ಮಾರ್ಚಿನವರೆಗೆ ರೊಬಸ್ಟಾ. ದಿನವಿಡೀ ಬೆರಳ ತುದಿಯಿಂದ ಹಣ್ಣು ಬಿಡಿಸುವವರಿಗೆ ಸಂಜೆಯ ಹೊತ್ತಿಗೆ ಮಣಿಕಟ್ಟು ನೋಯುವುದು ಸಹಜವೆಂದೇ ಎಲ್ಲರ ತಿಳಿವಳಿಕೆ. ಬಹುಪಾಲು ಅದು ನಿಜವೂ ಹೌದು. ಆದರೆ ಕುಯ್ಲು ಮುಗಿದು, ಕಣ ಖಾಲಿಯಾಗಿ, ಒಂದೂವರೆ ತಿಂಗಳು ಕಳೆದರೂ ಕೆಲವರ ನೋವು ಹೋಗುವುದಿಲ್ಲ. ಬೆಳಿಗ್ಗೆ ಎದ್ದಾಗ ಬೆರಳು ಮಡಿಸಲಾಗುವುದಿಲ್ಲ, ಅಕ್ಕಿರೊಟ್ಟಿ ತಟ್ಟಲಾಗುವುದಿಲ್ಲ, ಕೊಡದ ಕಂಠ ಹಿಡಿಯಲಾಗುವುದಿಲ್ಲ. ಅಂಥವರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುತ್ತಾರೆ, ರಕ್ತ ಕೊಡುತ್ತಾರೆ. ವರದಿಯಲ್ಲಿ ಎರಡು ಮೂರು ಸಂಖ್ಯೆಗಳು ದಪ್ಪಕ್ಷರದಲ್ಲಿ ಬರುತ್ತವೆ, ಒಂದರ ಮುಂದೆ ಪಾಸಿಟಿವ್ ಎಂದಿರುತ್ತದೆ. ವೈದ್ಯರು ನೋಡಿ, ಇದು ಉರಿಯೂತದ ಸಂಧಿವಾತ ಇರಬಹುದು, ಇನ್ನೂ ಖಚಿತವಾಗಿ ಹೇಳಲಾಗದು, ತಜ್ಞರನ್ನು ಕಾಣಬೇಕು ಎನ್ನುತ್ತಾರೆ.

ಆ ದಿನದಿಂದ ರೋಗಕ್ಕೆ ಒಂದು ಹೆಸರು ದೊರೆಯುವ ದಿನದವರೆಗೆ ಕೆಲವು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಕಳೆಯುತ್ತವೆ. ಮನೆಯವರಿಗೆ ಇದು ಬಹಳ ಕಠಿಣವಾದ ಕಾಲ. ರೋಗವಿದೆಯೆಂದು ಚಿಕಿತ್ಸೆ ಮಾಡುವಂತಿಲ್ಲ, ಇಲ್ಲವೆಂದು ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ. ವರದಿಯನ್ನು ವೈದ್ಯರ ನಂತರ ಮೊದಲು ನೋಡುವವರು ಸಾಮಾನ್ಯವಾಗಿ ಆಶಾ ಕಾರ್ಯಕರ್ತೆ, ನೆರೆಮನೆಯವರು ಮತ್ತು ಊರಿನ ಪಂಚಾಯಿತಿ ಸದಸ್ಯರು. ಆದುದರಿಂದ ಆ ಕಾಗದದಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಸದಸ್ಯರು ಸ್ಥೂಲವಾಗಿಯಾದರೂ ತಿಳಿದಿರುವುದು ಅಗತ್ಯ.

ವರದಿಯ ಸಂಖ್ಯೆಗಳು ಹೇಳುವುದೇನು

ಇ.ಎಸ್.ಆರ್. ಎಂಬುದು ಅತ್ಯಂತ ಹಳೆಯ ಮತ್ತು ಅಗ್ಗದ ಪರೀಕ್ಷೆ. ನೆಟ್ಟಗೆ ನಿಲ್ಲಿಸಿದ ಸಣ್ಣ ಗಾಜಿನ ನಳಿಕೆಯಲ್ಲಿ ಕೆಂಪು ರಕ್ತಕಣಗಳು ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರ್ ಕೆಳಗಿಳಿದವು ಎಂಬ ಅಳತೆ ಅದು. ದೇಹದಲ್ಲಿ ಎಲ್ಲಿಯಾದರೂ ಉರಿಯೂತವಿದ್ದರೆ ರಕ್ತದಲ್ಲಿ ಕೆಲವು ಪ್ರೋಟೀನುಗಳು ಹೆಚ್ಚಿ, ಕಣಗಳು ಒಂದಕ್ಕೊಂದು ಅಂಟಿಕೊಂಡು ಬೇಗ ಇಳಿಯುತ್ತವೆ. ಆದರೆ ರಕ್ತಹೀನತೆಯಿದ್ದರೂ, ಗರ್ಭಿಣಿಯಾಗಿದ್ದರೂ, ವಯಸ್ಸಾಗಿದ್ದರೂ ಇದು ಏರುತ್ತದೆ. ವಯಸ್ಸಿನ ಅರ್ಧದಷ್ಟು ಸಂಖ್ಯೆ ಪುರುಷರಲ್ಲಿ, ವಯಸ್ಸಿಗೆ 10 ಕೂಡಿಸಿ ಅರ್ಧ ಮಾಡಿದ ಸಂಖ್ಯೆ ಮಹಿಳೆಯರಲ್ಲಿ ಸಾಮಾನ್ಯದ ಮೇಲ್ಮಿತಿಯೆಂಬುದು ವೈದ್ಯರು ಬಳಸುವ ಒಂದು ಅಂದಾಜು. ಅಂದರೆ 60 ವರ್ಷದ ಮಹಿಳೆಯೊಬ್ಬರಿಗೆ 35 ಬಂದಿದ್ದರೆ, ವರದಿಯಲ್ಲಿ ದಪ್ಪಕ್ಷರವಿದ್ದರೂ ಅದರಿಂದಲೇ ಗಾಬರಿಯಾಗಬೇಕಿಲ್ಲ.

ಸಿ.ಆರ್.ಪಿ. ಯಕೃತ್ತು ತಯಾರಿಸುವ ಒಂದು ಪ್ರೋಟೀನು. ಉರಿಯೂತ ಶುರುವಾದ ಕೆಲವೇ ಗಂಟೆಗಳಲ್ಲಿ ಏರುತ್ತದೆ, ಇಳಿದಾಗ ಬೇಗ ಇಳಿಯುತ್ತದೆ. ಹಲ್ಲಿನ ಕೀವು, ಮೂತ್ರದ ಸೋಂಕು, ಕ್ಷಯ, ಕಾಲಿನ ಹುಣ್ಣು ಇವೆಲ್ಲವೂ ಇದನ್ನು ಏರಿಸಬಲ್ಲವು. ಇ.ಎಸ್.ಆರ್. ಮತ್ತು ಸಿ.ಆರ್.ಪಿ. ಎರಡೂ ಬೆಂಕಿಯಿದೆ ಎಂದು ಹೇಳುತ್ತವೆ. ಯಾವ ಮನೆಯಲ್ಲಿ ಎಂದು ಹೇಳುವುದಿಲ್ಲ.

ಹೆಚ್ಚು ಗೊಂದಲಕ್ಕೆ ಕಾರಣವಾಗುವುದು ಆರ್.ಎ. ಫ್ಯಾಕ್ಟರ್. ಅದರ ಹೆಸರೇ ಜನರನ್ನು ದಾರಿತಪ್ಪಿಸುತ್ತದೆ. ರುಮಟಾಯ್ಡ್ ಎಂಬ ಪದ ಪರೀಕ್ಷೆಯ ಹೆಸರಿನಲ್ಲಿಯೇ ಇರುವುದರಿಂದ, ಪಾಸಿಟಿವ್ ಎಂದರೆ ರುಮಟಾಯ್ಡ್ ಸಂಧಿವಾತ ಬಂದೇಬಿಟ್ಟಿತೆಂದು ಮನೆಯವರು ತಿಳಿಯುತ್ತಾರೆ. ಒಂದು ಲೆಕ್ಕವನ್ನು ನೋಡಬಹುದು. ಸಾವಿರ ಮಂದಿ ವಯಸ್ಕರಿರುವ ಗ್ರಾಮವೊಂದಿದೆ ಎಂದುಕೊಳ್ಳೋಣ. ರುಮಟಾಯ್ಡ್ ಸಂಧಿವಾತ ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನರಲ್ಲಿ ಕಾಣುವ ಕಾಯಿಲೆಯಾದುದರಿಂದ ಅಲ್ಲಿ ಸುಮಾರು 7 ಮಂದಿಗೆ ಅದು ಇರಬಹುದು. ಆ ಏಳರಲ್ಲಿ ಸುಮಾರು ಐವರಿಗೆ ಆರ್.ಎ. ಫ್ಯಾಕ್ಟರ್ ಪಾಸಿಟಿವ್ ಬರುತ್ತದೆ. ಉಳಿದ 993 ಮಂದಿಯಲ್ಲಿ ಈ ರೋಗವಿಲ್ಲದಿದ್ದರೂ ನೂರಕ್ಕೆ ಐದರಂತೆ ಸುಮಾರು 50 ಮಂದಿಗೆ ಪಾಸಿಟಿವ್ ಬರುತ್ತದೆ. ಇಡೀ ಊರಿನ ರಕ್ತ ಪರೀಕ್ಷಿಸಿದರೆ ಸಿಗುವ 55 ಪಾಸಿಟಿವ್ ವರದಿಗಳಲ್ಲಿ ನಿಜವಾದ ರೋಗಿಗಳು ಐವರು. ಇನ್ನಿಬ್ಬರು ರೋಗಿಗಳ ವರದಿ ನೆಗೆಟಿವ್ ಬಂದಿರುತ್ತದೆ! ಕ್ಷಯ, ಕುಷ್ಠ, ಹೆಪಟೈಟಿಸ್ ಸಿ ಮುಂತಾದ ದೀರ್ಘಕಾಲದ ಸೋಂಕುಗಳಲ್ಲಿಯೂ, ಇಳಿವಯಸ್ಸಿನಲ್ಲಿಯೂ ಈ ಪರೀಕ್ಷೆ ಪಾಸಿಟಿವ್ ಬರುವುದುಂಟು.

ಇದರಿಂದ ಪಂಚಾಯಿತಿಗಳಿಗೆ ಒಂದು ನೇರವಾದ ಸೂಚನೆ ದೊರೆಯುತ್ತದೆ. ಆರೋಗ್ಯ ಶಿಬಿರಗಳಲ್ಲಿ ಬಂದವರಿಗೆಲ್ಲ ಆರ್.ಎ. ಪರೀಕ್ಷೆ ಮಾಡಿಸುವುದರಿಂದ ಪ್ರಯೋಜನವಿಲ್ಲ. ಅನಗತ್ಯ ಭಯ ಹುಟ್ಟುತ್ತದೆ. ಕೈಬೆರಳಿನ ಕೀಲುಗಳು ಊದಿರುವವರನ್ನು ಹುಡುಕಿ ವೈದ್ಯರ ಬಳಿಗೆ ಕಳುಹಿಸಿದರೆ ಅದೇ ಪರೀಕ್ಷೆಗೆ ಅರ್ಥ ಬರುತ್ತದೆ.

ಆಂಟಿ ಸಿ.ಸಿ.ಪಿ. ಇದಕ್ಕಿಂತ ನಂಬಲರ್ಹವಾದ ಪರೀಕ್ಷೆ. ರೋಗವಿಲ್ಲದವರಲ್ಲಿ ಇದು ಪಾಸಿಟಿವ್ ಬರುವುದು ಅಪರೂಪ. ಬೆಲೆ ಹೆಚ್ಚು; ಸಣ್ಣ ಪ್ರಯೋಗಾಲಯಗಳು ರಕ್ತವನ್ನು ಬೇರೆ ಊರಿಗೆ ಕಳುಹಿಸುವುದರಿಂದ ಫಲಿತಾಂಶಕ್ಕೆ ಕೆಲವು ದಿನ ಕಾಯಬೇಕಾಗುತ್ತದೆ. ಇದು ನೆಗೆಟಿವ್ ಬಂದ ಮಾತ್ರಕ್ಕೆ ರೋಗವಿಲ್ಲವೆಂದು ತೀರ್ಮಾನಿಸುವಂತಿಲ್ಲ.

ಜಗತ್ತಿನಾದ್ಯಂತ ತಜ್ಞರು 2010ರಿಂದ ಬಳಸುತ್ತಿರುವ ವರ್ಗೀಕರಣ ಕ್ರಮವನ್ನು ನೋಡಿದರೆ ರಕ್ತಪರೀಕ್ಷೆಯ ಸ್ಥಾನ ಸ್ಪಷ್ಟವಾಗುತ್ತದೆ. ಅದರಲ್ಲಿ ಒಟ್ಟು 10 ಅಂಕ. ಕನಿಷ್ಠ ಒಂದು ಕೀಲಾದರೂ ಊದಿರಬೇಕು, ಆ ಊತಕ್ಕೆ ಬೇರೆ ಕಾರಣವಿರಬಾರದು. ಆ ಮೇಲೆ 6 ಅಂಕ ಬಂದರೆ ರುಮಟಾಯ್ಡ್ ಸಂಧಿವಾತವೆಂದು ಪರಿಗಣಿಸಲಾಗುತ್ತದೆ. ಎಷ್ಟು ಕೀಲುಗಳು, ಯಾವ ಕೀಲುಗಳು ಎಂಬುದಕ್ಕೆ ಗರಿಷ್ಠ 5. ಆರ್.ಎ. ಫ್ಯಾಕ್ಟರ್ ಮತ್ತು ಆಂಟಿ ಸಿ.ಸಿ.ಪಿ. ಸೇರಿ ಗರಿಷ್ಠ 3. ಇ.ಎಸ್.ಆರ್. ಅಥವಾ ಸಿ.ಆರ್.ಪಿ. ಏರಿದ್ದರೆ 1. ತೊಂದರೆ ಆರು ವಾರ ಮುಂದುವರಿದಿದ್ದರೆ 1. ಕಾಗದದ ಮೇಲಿನ ಎಲ್ಲ ಸಂಖ್ಯೆಗಳೂ ಅತಿ ಹೆಚ್ಚಿದ್ದರೂ ಸಿಗುವುದು ನಾಲ್ಕೇ ಅಂಕ. ಉಳಿದುದನ್ನು ವೈದ್ಯರ ಕೈ ಮುಟ್ಟಿ ನೋಡಿಯೇ ತಿಳಿಯಬೇಕು.

ಕಾಯಿಸುವುದಕ್ಕೂ ಕಾರಣವಿದೆ

ಆರು ವಾರಗಳ ಮಾತು ಆ ಕ್ರಮದಲ್ಲಿ ಬಂದಿರುವುದು ಸುಮ್ಮನಲ್ಲ. ವೈರಾಣು ಜ್ವರಗಳ ನಂತರ ಬರುವ ಕೀಲೂತ ಬಹುಮಟ್ಟಿಗೆ ಅಷ್ಟರೊಳಗೆ ತಾನಾಗಿ ಇಳಿಯುತ್ತದೆ. ಅದಕ್ಕೆ ದೊಡ್ಡ ಅಪವಾದವೆಂದರೆ ಚಿಕುನ್‌ಗುನ್ಯಾ. 2006ರಲ್ಲಿ ಕರ್ನಾಟಕದಲ್ಲಿ ಏಳೂವರೆ ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದಾಗ, ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ಬೆರಳು, ಮಣಿಕಟ್ಟು, ಪಾದದ ಗಂಟುಗಳು ಊದಿಕೊಂಡು ನಡೆಯಲಾಗದವರನ್ನು ಹಳ್ಳಿಹಳ್ಳಿಗಳು ಕಂಡವು. ಹಿಂದಿನ ತಿಂಗಳುಗಳಲ್ಲಿ ಜ್ವರ ಬಂದಿತ್ತೇ, ಮನೆಯಲ್ಲಿ ಬೇರೆ ಯಾರಿಗಾದರೂ ಬಂದಿತ್ತೇ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ದೊರೆತರೆ ವೈದ್ಯರ ಅರ್ಧ ಕೆಲಸ ಹಗುರವಾಗುತ್ತದೆ. ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಮೈಕೈನೋವೂ ಇದೆ. ಅದು ತೀವ್ರ ಜ್ವರದೊಂದಿಗೆ ಬರುವ ಸ್ನಾಯುನೋವು, ತಿಂಗಳುಗಟ್ಟಲೆ ಉಳಿಯುವ ಕೀಲೂತವಲ್ಲ.

ಐವತ್ತು ದಾಟಿದವರ ಮೊಣಕಾಲು ನೋವು ಬಹುತೇಕ ಕೀಲು ಸವೆತ. ಅದರಲ್ಲಿ ಬೆಳಗಿನ ಬಿಗಿತ ಕೆಲವು ನಿಮಿಷಗಳಲ್ಲಿ ಹೋಗುತ್ತದೆ, ನಡೆದಷ್ಟೂ ನೋವು ಹೆಚ್ಚುತ್ತದೆ. ಉರಿಯೂತದ ಸಂಧಿವಾತದಲ್ಲಿ ಇದು ತಿರುವುಮುರುವು: ಬೆಳಗಿನ ಬಿಗಿತ ಅರ್ಧ ಗಂಟೆಗಿಂತ, ಹಲವರಲ್ಲಿ ಒಂದು ಗಂಟೆಗಿಂತ ಹೆಚ್ಚು ಹೊತ್ತು ಇರುತ್ತದೆ, ಕೈಕಾಲು ಆಡಿಸಿದಂತೆ ತುಸು ಸಡಿಲವಾಗುತ್ತದೆ. ಎರಡೂ ಕೈಗಳ ಬೆರಳ ಬುಡದ ಗೆಣ್ಣುಗಳು, ನಡುಗೆಣ್ಣುಗಳು, ಮಣಿಕಟ್ಟುಗಳು, ಪಾದದ ಮುಂಭಾಗ ಊದುತ್ತವೆ. ಕೈಕುಲುಕುವಂತೆ ಬೆರಳ ಬುಡವನ್ನು ಮೆಲ್ಲಗೆ ಅದುಮಿದರೂ ನೋವಾಗುತ್ತದೆ. ಪುರುಷರಿಗಿಂತ ಮಹಿಳೆಯರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಬೀಡಿ ಸಿಗರೇಟು ಸೇದುವವರಲ್ಲಿ ಅಪಾಯ ಹೆಚ್ಚು.

ಹಂದಿಗೋಡಿನ ಅನುಭವ

ಕೀಲುನೋವಿಗೆ ಉತ್ತರ ದೊರೆಯಲು ತಡವಾದರೆ ಏನಾಗುತ್ತದೆ ಎಂಬುದಕ್ಕೆ ಮಲೆನಾಡಿಗೆ ದೂರದ ಉದಾಹರಣೆ ಬೇಕಾಗಿಲ್ಲ. 1970ರ ದಶಕದ ಮಧ್ಯಭಾಗದಲ್ಲಿ ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ಸೊಂಟ ಮತ್ತು ಮೊಣಕಾಲು ಹಿಡಿದು ನಡೆಯಲಾಗದಂತಾದ ಕೃಷಿ ಕಾರ್ಮಿಕರ ಕುಟುಂಬಗಳು ಹೊರಜಗತ್ತಿನ ಗಮನಕ್ಕೆ ಬಂದವು. ಬಹುತೇಕರು ಪರಿಶಿಷ್ಟ ಜಾತಿಯ ಬಡವರು. ಅದೇ ತೊಂದರೆ ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಕಂಡುಬಂದಿತು. ಪತ್ರಿಕೆಗಳು ನಿಗೂಢ ರೋಗವೆಂದು ಬರೆದವು. ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳಲ್ಲಿ ಸೇರಿ, ಆ ಏಡಿ ತಿಂದವರಿಗೆ ರೋಗ ಬಂದಿತೆಂಬ ಸಂದೇಹ ಬಹುಕಾಲ ಬಲವಾಗಿತ್ತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ವಿಜ್ಞಾನಿಗಳು 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ಕರೆದರು.

ಆದರೆ ಅದು ಉರಿಯೂತದ ಸಂಧಿವಾತವಾಗಿರಲಿಲ್ಲ. 1990ರ ದಶಕದಲ್ಲಿ ಕುಟುಂಬಗಳ ವಂಶಾವಳಿ ಮತ್ತು ಎಕ್ಸ್‌ರೇಗಳನ್ನು ಕೂಡಿಸಿ ನೋಡಿದಾಗ, ಮೂಳೆಗಳ ಬೆಳವಣಿಗೆಯಲ್ಲಿಯೇ ಇರುವ ವಂಶವಾಹಿ ದೋಷವೆಂಬ ನಿರ್ಣಯಕ್ಕೆ ಸಂಶೋಧಕರು ಬಂದರು. ತಂದೆ ಅಥವಾ ತಾಯಿ ಒಬ್ಬರಲ್ಲಿದ್ದರೂ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಇಷ್ಟು ತಿಳಿಯಲು ಸುಮಾರು ಎರಡು ದಶಕಗಳು ಬೇಕಾದವು. ಅಷ್ಟರಲ್ಲಿ ಒಂದು ಹಳ್ಳಿಯ ಹೆಸರೇ ರೋಗದ ಹೆಸರಾಗಿ ಹೋಗಿತ್ತು. ಆ ಊರಿನವರು ಅದನ್ನು ಇಂದಿಗೂ ಹೊತ್ತಿದ್ದಾರೆ.

ಈ ಪ್ರಸಂಗವನ್ನು ಇಲ್ಲಿ ನೆನೆಯಲು ಎರಡು ಕಾರಣಗಳಿವೆ. ಮೊದಲನೆಯದು, ಒಂದೇ ಮನೆಯ ಹಲವರಿಗೆ ಚಿಕ್ಕ ವಯಸ್ಸಿನಿಂದಲೇ ಸೊಂಟ, ಬೆನ್ನು, ಮೊಣಕಾಲಿನ ತೊಂದರೆಯಿದ್ದು ಕೆಲವರು ಗಿಡ್ಡವಾಗಿಯೂ ಇದ್ದರೆ, ರಕ್ತಪರೀಕ್ಷೆಗಿಂತ ಸೊಂಟದ ಎಕ್ಸ್‌ರೇ ಮತ್ತು ಮನೆತನದ ವಿವರ ಮುಖ್ಯ. ಇದನ್ನು ವೈದ್ಯರಿಗೆ ತಿಳಿಸಬೇಕು. ಎರಡನೆಯದು, ಕಾರಣ ತಿಳಿಯುವ ಮೊದಲೇ ಊರಿನಲ್ಲಿ ಹುಟ್ಟುವ ಮಾತು. ಆಹಾರದ ತಪ್ಪು, ಜಾತಿಯ ರೋಗ, ಶಾಪ, ಅಂಟುರೋಗ ಎಂಬ ಮಾತುಗಳು ಒಮ್ಮೆ ಅಂಟಿದರೆ ವೈದ್ಯರ ನಿರ್ಣಯ ಬಂದ ಮೇಲೂ ಬಿಡುವುದಿಲ್ಲ. ಉರಿಯೂತದ ಸಂಧಿವಾತ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಗ್ರಾಮಸಭೆಯಲ್ಲಿ ರೋಗಿಯ ಹೆಸರು ಹೇಳಿ ಚರ್ಚೆ ನಡೆಯದಂತೆ ನೋಡಿಕೊಳ್ಳುವುದು ಅಧ್ಯಕ್ಷರ ಮತ್ತು ಸದಸ್ಯರ ಹೊಣೆ.

ಕಾಯುವಾಗ ಆಗುವ ತಪ್ಪುಗಳು

ಹಂದಿಗೋಡು ರೋಗಕ್ಕೆ ಬೇರು ಕೀಳುವ ಮದ್ದು ಇರಲಿಲ್ಲ. ರುಮಟಾಯ್ಡ್ ಸಂಧಿವಾತದ ಮಾತು ಬೇರೆ. ಊತ ಶುರುವಾದ ಮೊದಲ ಮೂರರಿಂದ ಆರು ತಿಂಗಳೊಳಗೆ ಸರಿಯಾದ ಔಷಧ ಆರಂಭವಾದರೆ ಕೀಲುಗಳು ಸೊಟ್ಟಗಾಗುವುದನ್ನು ಬಹುಮಟ್ಟಿಗೆ ತಡೆಯಬಹುದು. ತಡವಾದರೆ ಮೂಳೆ ಕೊರೆದುಹೋಗುತ್ತದೆ, ಹಾಗೆ ಹೋದುದು ಮರಳಿ ಬರುವುದಿಲ್ಲ. ಆದುದರಿಂದ ಕಾಯುವುದು ಎಂದರೆ ಮನೆಯಲ್ಲಿ ಕುಳಿತಿರುವುದಲ್ಲ.

ಅತ್ಯಂತ ಸಾಮಾನ್ಯವಾದ ತಪ್ಪು, ಸಂತೆಯಲ್ಲಿ ಅಥವಾ ಬಸ್ ನಿಲ್ದಾಣದ ಬಳಿ ಮಾರುವ ಹೆಸರಿಲ್ಲದ ಪುಡಿ ಮತ್ತು ಗುಳಿಗೆಗಳು. ಎರಡೇ ದಿನದಲ್ಲಿ ನೋವು ಮಾಯವಾಗುವ ಇಂಥ ಕೆಲವು ಔಷಧಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಅದು ಊತವನ್ನು ಮುಚ್ಚಿಡುತ್ತದೆ. ತಜ್ಞರ ಬಳಿಗೆ ಹೋಗುವ ದಿನ ಕೈ ನೋಡಲು ಸರಿಯಾಗಿಯೇ ಇರುತ್ತದೆ, ಸಿ.ಆರ್.ಪಿ. ಇಳಿದಿರುತ್ತದೆ, ರೋಗಿ ಬರಿಗೈಯಲ್ಲಿ ಮರಳುತ್ತಾರೆ. ತಿಂಗಳುಗಟ್ಟಲೆ ತಿಂದರೆ ಸಕ್ಕರೆ, ರಕ್ತದೊತ್ತಡ ಏರುತ್ತವೆ, ಮೂಳೆ ಟೊಳ್ಳಾಗುತ್ತದೆ. ಹಠಾತ್ತನೆ ಬಿಟ್ಟರೂ ಪ್ರಾಣಾಪಾಯ. ಔಷಧ ಅಂಗಡಿಯಲ್ಲಿ ಚೀಟಿಯಿಲ್ಲದೆ ಕೊಳ್ಳುವ ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತವೆ. ನಾಟಿ ವೈದ್ಯರ ಬಳಿಗೆ ಹೋಗಬೇಡಿ ಎಂದು ಅಪ್ಪಣೆ ಹೊರಡಿಸಿದರೆ ಮಲೆನಾಡಿನಲ್ಲಿ ಯಾರೂ ಕೇಳುವುದಿಲ್ಲ. ಎಲ್ಲಿ ಏನು ತಿಂದಿದ್ದಾರೆಂಬುದನ್ನು ವೈದ್ಯರ ಮುಂದೆ ಮುಚ್ಚಿಡದೆ ಹೇಳಲು, ಪೊಟ್ಟಣವಿದ್ದರೆ ಒಯ್ಯಲು ಪ್ರೇರೇಪಿಸುವುದು ಹೆಚ್ಚು ಫಲಕಾರಿ.

ಇನ್ನೊಂದು ತಪ್ಪು ಔಷಧ ಆರಂಭವಾದ ಮೇಲೆ ನಡೆಯುತ್ತದೆ, ಅದು ಮಾರಕವೂ ಆಗಬಲ್ಲದು. ಈ ರೋಗಕ್ಕೆ ಮೊದಲು ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೆ ಒಂದೇ ದಿನ ನುಂಗಬೇಕು. ಉಳಿದ ಮಾತ್ರೆಗಳಂತೆ ದಿನವೂ ನುಂಗಿ ರಕ್ತಕಣಗಳು ಕುಸಿದು ಜೀವ ಕಳೆದುಕೊಂಡವರಿದ್ದಾರೆ. ಓದಲು ಬಾರದವರಿಗೆ, ಕನ್ನಡ ಬಾರದ ವಲಸೆ ಕಾರ್ಮಿಕರಿಗೆ ಆ ವಾರದ ದಿನವನ್ನು ಆಶಾ ಕಾರ್ಯಕರ್ತೆ ಗುರುತು ಮಾಡಿಕೊಡಬೇಕು. ಭಾನುವಾರವೋ ಸಂತೆಯ ದಿನವೋ ಆದರೆ ನೆನಪಿರುತ್ತದೆ. ಗರ್ಭಿಣಿಯರು, ಗರ್ಭ ಧರಿಸಲು ಬಯಸುವವರು ಇದನ್ನು ಸೇವಿಸುವಂತಿಲ್ಲ. ಸೇವಿಸುವವರು ಮದ್ಯ ಬಿಡಬೇಕು; ಯಕೃತ್ತು ಮತ್ತು ರಕ್ತಕಣಗಳ ಪರೀಕ್ಷೆಯನ್ನು ಮೊದಲ ತಿಂಗಳುಗಳಲ್ಲಿ ಕೆಲವು ವಾರಕ್ಕೊಮ್ಮೆ, ಆ ನಂತರ ಸುಮಾರು ಮೂರು ತಿಂಗಳಿಗೊಮ್ಮೆ ಮಾಡಿಸಬೇಕು.

ಕಾಯಲೇಬಾರದ ಸಂದರ್ಭವೂ ಒಂದಿದೆ. ಒಂದೇ ಕೀಲು ಹಠಾತ್ತನೆ ಊದಿ, ಕೆಂಪಾಗಿ, ಮುಟ್ಟಲಾರದಷ್ಟು ಬಿಸಿಯಾಗಿ, ಜೊತೆಗೆ ಜ್ವರ ಬಂದರೆ ಅದು ಕೀಲಿನೊಳಗಿನ ಕೀವಾಗಿರಬಹುದು. ಅಂಥವರನ್ನು ಅದೇ ದಿನ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಸೇರಿಸಬೇಕು.

ದಾರಿ, ಕೂಲಿ ಮತ್ತು ಕಾಗದ

ಸಂಧಿವಾತಕ್ಕೆಂದೇ ತರಬೇತಾದ ತಜ್ಞರು ದೊಡ್ಡ ನಗರಗಳಲ್ಲಿಯೇ ಹೆಚ್ಚು. ಆದರೆ ಮೊದಲ ಹೆಜ್ಜೆ ಅವರಲ್ಲಿಗೇ ಆಗಬೇಕೆಂದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ಚೀಟಿಯೊಂದಿಗೆ ಮೂಡಿಗೆರೆಯ ತಾಲ್ಲೂಕು ಆಸ್ಪತ್ರೆಯ ಅಥವಾ ಚಿಕ್ಕಮಗಳೂರಿನ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಯ ಸಾಮಾನ್ಯ ವೈದ್ಯಕೀಯ ವಿಭಾಗದ ವೈದ್ಯರನ್ನು ಕಂಡರೆ, ಅವರು ಚಿಕಿತ್ಸೆ ಆರಂಭಿಸಬಲ್ಲರು ಅಥವಾ ಮುಂದಕ್ಕೆ ಕಳುಹಿಸಬಲ್ಲರು. ಮೂಳೆ ತಜ್ಞರ ಬಳಿಗೆ ಹೋಗಿ ಸುತ್ತಿ ಬರುವುದರಲ್ಲಿ ತಿಂಗಳು ಕಳೆಯುವುದುಂಟು; ಉರಿಯೂತದ ಸಂಧಿವಾತಕ್ಕೆ ಮೊದಲು ಬೇಕಾದುದು ಔಷಧ ವೈದ್ಯರು. ಇ-ಸಂಜೀವಿನಿ ಮೂಲಕ ಆರೋಗ್ಯ ಕೇಂದ್ರದಿಂದಲೇ ದೂರದ ವೈದ್ಯರ ಸಲಹೆ ಪಡೆಯುವ ಅವಕಾಶವೂ ಇದೆ.

ಕಳಸದಿಂದ ಚಿಕ್ಕಮಗಳೂರಿಗೆ ಸುಮಾರು 90 ಕಿ.ಮೀ. ದಾರಿ, ಅದೂ ಘಟ್ಟದ ತಿರುವುಗಳಲ್ಲಿ. ಕುದುರೆಮುಖದ ಮೂಲಕ ಮಣಿಪಾಲ, ಮಂಗಳೂರು ಕಡೆಗೆ ಇಳಿಯುವವರೂ ಇದ್ದಾರೆ. ಒಂದು ಭೇಟಿಯೆಂದರೆ ಒಂದು ದಿನದ ಕೂಲಿ ಹೋಯಿತು. ಜೊತೆಗೆ ಬಂದವರದೂ ಹೋಯಿತು. ಕುಯ್ಲಿನ ಕಾಲದಲ್ಲಿ ತೂಕದ ಲೆಕ್ಕದಲ್ಲಿ ಹಣ್ಣು ಬಿಡಿಸುವವರು ಆ ದಿನವನ್ನು ಬಿಡಲು ಒಪ್ಪುವುದೇ ಇಲ್ಲ. ಇಲ್ಲಿ ತೋಟದ ಮಾಲೀಕರೊಂದಿಗೆ ಮತ್ತು ರೈಟರೊಂದಿಗೆ ಸದಸ್ಯರು ಆಡುವ ಒಂದು ಮಾತಿಗೆ ಬೆಲೆಯಿದೆ: ಭೇಟಿಯ ದಿನ ರಜೆ, ಮರಗಸಿ ಅಥವಾ ಗೊಬ್ಬರ ಹೊರುವ ಕೆಲಸದ ಬದಲು ಕೆಲವು ವಾರ ಹಗುರವಾದ ಕೆಲಸ. ಸರ್ಕಾರಿ ಬಸ್ಸು ಓಡುವ ದಾರಿಗಳಲ್ಲಿ 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಪ್ರಯಾಣ ಉಚಿತ. ಖಾಸಗಿ ಬಸ್ಸುಗಳೇ ಇರುವ ದಾರಿಗಳಲ್ಲಿ ಆ ಅನುಕೂಲವಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗಿ ಪಡೆಯುವ ಚಿಕಿತ್ಸೆಗೆ ಉಪಯುಕ್ತ. ಹೊರಗಿನ ಪ್ರಯೋಗಾಲಯದ ಬಿಲ್ಲಿಗೆ ಅದನ್ನು ನಂಬಿ ಹೊರಟವರು ನಿರಾಶರಾಗುತ್ತಾರೆ. ಆದುದರಿಂದ ಯಾವ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿಯೇ ದೊರೆಯುತ್ತದೆ ಎಂಬುದನ್ನು ಹೊರಡುವ ಮೊದಲೇ ಆರೋಗ್ಯಾಧಿಕಾರಿಗಳಿಂದ ಕೇಳಿ ತಿಳಿಯಬೇಕು.

ರೋಗ ಹಳೆಯದಾಗಿ ಕೈಕಾಲು ಸೊಟ್ಟಗಾಗಿರುವವರಿಗೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಚಲನವಲನ ವೈಕಲ್ಯದ ಪ್ರಮಾಣಪತ್ರ ದೊರೆಯಬಹುದು. ವೈಕಲ್ಯ ಶೇ. 40 ಅಥವಾ ಹೆಚ್ಚಿದ್ದರೆ ಬಹುತೇಕ ಸೌಲಭ್ಯಗಳು ಅನ್ವಯಿಸುತ್ತವೆ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅರ್ಜಿ ಹಾಕಿಸಲು ನೆರವಾಗುತ್ತಾರೆ.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಯಲ್ಲಿ ಆಶಾ ಕಾರ್ಯಕರ್ತೆಯಿಂದ ಒಂದು ಮಾಹಿತಿ ಕೇಳಿದರೆ ಸಾಕು: ಆರು ವಾರಕ್ಕಿಂತ ಹೆಚ್ಚು ಕಾಲದಿಂದ ಬೆರಳು ಅಥವಾ ಮಣಿಕಟ್ಟಿನ ಊತವಿರುವವರು ಎಷ್ಟು ಮಂದಿ, ಅವರಲ್ಲಿ ವೈದ್ಯರ ಚೀಟಿ ಪಡೆದವರೆಷ್ಟು, ತಜ್ಞರನ್ನು ಕಂಡವರೆಷ್ಟು. ಹೆಸರುಗಳು ಆಶಾ ದಿನಚರಿಯಲ್ಲಿಯೇ ಇರಲಿ, ಸಭೆಗೆ ಸಂಖ್ಯೆ ಸಾಕು.

ಪ್ರತಿ ರೋಗಿಗೂ ಒಂದು ಪ್ಲಾಸ್ಟಿಕ್ ಕವರು ಬೇಕು. ಅದರಲ್ಲಿ ಎಲ್ಲ ರಕ್ತಪರೀಕ್ಷೆಯ ವರದಿಗಳು ದಿನಾಂಕದ ಕ್ರಮದಲ್ಲಿ, ಎಕ್ಸ್‌ರೇ, ಈವರೆಗೆ ತಿಂದ ಮಾತ್ರೆಗಳ ಖಾಲಿ ಹಾಳೆಗಳು, ನೋವು ಯಾವ ತಿಂಗಳು ಯಾವ ಕೀಲಿನಲ್ಲಿ ಶುರುವಾಯಿತೆಂದು ಬರೆದ ಒಂದು ಚೀಟಿ. ಊತ ಹೆಚ್ಚಿದ್ದ ಬೆಳಿಗ್ಗೆ ಮೊಬೈಲಿನಲ್ಲಿ ತೆಗೆದ ಕೈಯ ಫೋಟೋ ಇದ್ದರೆ ಇನ್ನೂ ಒಳ್ಳೆಯದು. ತಜ್ಞರನ್ನು ಕಾಣುವ ಮಧ್ಯಾಹ್ನ ಊತ ಇಳಿದಿರಬಹುದು. ಮಲೆನಾಡಿನ ಮನೆಗಳಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುವುದು ಹೊಸದಲ್ಲವಾದುದರಿಂದ ಕವರನ್ನು ಗೋಡೆಯ ಬದಿಗಿಂತ ಒಲೆಯ ಮೇಲಿನ ಅಟ್ಟದ ಬಳಿ ಇಡುವುದು ಲೇಸು. ಭದ್ರೆ ತುಂಬಿ ಹೆಬ್ಬಾಳೆ ಸೇತುವೆ ಮುಳುಗುವ ದಿನಗಳಲ್ಲಿ, ಚಾರ್ಮಾಡಿಯಲ್ಲಿ ಮಣ್ಣು ಕುಸಿಯುವ ದಿನಗಳಲ್ಲಿ ಯಾರೂ ಆಸ್ಪತ್ರೆಗೆ ಹೊರಡಲಾರರು. ಮುಂದಿನ ಭೇಟಿ ಜುಲೈ ಅಥವಾ ಆಗಸ್ಟಿನಲ್ಲಿ ಬರುವವರು ಮೇ ತಿಂಗಳಲ್ಲಿಯೇ ವೈದ್ಯರಿಗೆ ಊರಿನ ಹೆಸರು ಹೇಳಿ, ಭೇಟಿಯನ್ನು ಮಳೆಗೆ ಮುಂಚೆ ಹಾಕಿಸಿಕೊಂಡು, ಅಷ್ಟು ಕಾಲಕ್ಕೆ ಬೇಕಾದ ಮಾತ್ರೆಗಳನ್ನು ಒಟ್ಟಿಗೆ ತಂದಿಟ್ಟುಕೊಳ್ಳುವಂತೆ ಆಶಾ ಕಾರ್ಯಕರ್ತೆಯರು ನೋಡಿಕೊಳ್ಳಬೇಕು.